ದಾರಿಯಲ್ಲಿ ಕಾರಿನ ಟೈರ್ ಪಂಕ್ಚರ್ ಆದರೆ: ನಿಲ್ಲಿಸುವ ಜಾಗದಿಂದ ಪಂಕ್ಚರ್ ಅಂಗಡಿಯವರೆಗೆ

ಊರು ಬಿಟ್ಟು ಹೊರಗಿರುವಾಗ, ಅದರಲ್ಲೂ ಹೆದ್ದಾರಿಯಲ್ಲೋ ಘಾಟಿಯಲ್ಲೋ ರಾತ್ರಿ ಹೊತ್ತು ಕಾರಿನ ಟೈರ್ ಪಂಕ್ಚರ್ ಆದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಹೊಸದಾಗಿ ಓಡಿಸಲು ಕಲಿತವರು ಮಾತ್ರವಲ್ಲ, ಹತ್ತು ವರ್ಷದಿಂದ ಓಡಿಸುತ್ತಿದ್ದರೂ ಒಮ್ಮೆಯೂ ಚಕ್ರ ಬಿಚ್ಚುವ ಸಂದರ್ಭ ಬಾರದವರೂ ಇದನ್ನೇ ಕೇಳುತ್ತಾರೆ. ಅವರ ಆತಂಕವೆಲ್ಲ ಸಾಮಾನ್ಯವಾಗಿ ಜಾಕ್ ಮತ್ತು ನಟ್ಟುಗಳ ಬಗ್ಗೆ ಇರುತ್ತದೆ. ಚಕ್ರ ಬದಲಿಸುವುದು ಅರ್ಧ ಗಂಟೆಯ ಕೆಲಸ, ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ. ನನ್ನ ಆತಂಕ ಬೇರೆಯದು. ಪಂಕ್ಚರ್ ಆದ ಕಾರನ್ನು ಎಲ್ಲಿ ನಿಲ್ಲಿಸಿದಿರಿ, ಹಿಂದಿನಿಂದ ಬರುವವರಿಗೆ ಅದು ಎಷ್ಟು ದೂರದಿಂದ ಕಾಣುತ್ತದೆ ಎಂಬುದರ ಮೇಲೆ ಜೀವಗಳು ನಿಂತಿವೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಅನುಸರಿಸಬೇಕೆಂದು, ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಅವಸರದಲ್ಲಿ ಮೊದಲ ಮೂರನ್ನು ಹಾರಿಸಬಾರದೆಂದು ಕೋರುತ್ತೇನೆ.

ಮನೆಯಲ್ಲೇ ಮಾಡಿಟ್ಟುಕೊಳ್ಳಬೇಕಾದ ತಯಾರಿ

ಒಂದು ಭಾನುವಾರ ಬೆಳಿಗ್ಗೆ ಕಾರಿನ ಡಿಕ್ಕಿ ತೆರೆದು, ಒಳಗಿನ ಹಾಸನ್ನು ಎತ್ತಿ ನೋಡಿ. ನಾಲ್ಕು ವಸ್ತುಗಳು ಅಲ್ಲಿರಬೇಕು: ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಜಾಕ್ ಮತ್ತು ಅದನ್ನು ತಿರುಗಿಸುವ ಹಿಡಿ, ಪಾನಾ, ಅಂದರೆ ಚಕ್ರದ ನಟ್ಟು ಬಿಚ್ಚುವ ಎಲ್ ಆಕಾರದ ಸ್ಪ್ಯಾನರ್, ಮತ್ತು ಮಡಿಚಿಟ್ಟ ಕೆಂಪು ಎಚ್ಚರಿಕೆ ತ್ರಿಕೋನ. (ಸ್ಟೆಪ್ನಿ ಎಂಬುದು ವೇಲ್ಸ್ ದೇಶದ ಲ್ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಯಾರಾದ ಹೆಚ್ಚುವರಿ ಚಕ್ರದ ಹೆಸರು; ಆ ಚಕ್ರ ಹೋಗಿ ಕಾಲವಾದರೂ ನಮ್ಮಲ್ಲಿ ಹೆಸರು ಉಳಿದಿದೆ.) ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಈ ಪರೀಕ್ಷೆಯನ್ನು ಇಂದೇ ಮಾಡಬೇಕು, ಏಕೆಂದರೆ ಕೈಬದಲಾಗುವಾಗ ಮೊದಲು ಕಾಣೆಯಾಗುವುದು ಪಾನಾ ಮತ್ತು ಜಾಕಿನ ಹಿಡಿ.

ಇನ್ನೊಂದು ಸಂಗತಿಯನ್ನು ಹೊಸ ಕಾರಿನ ಮಾಲೀಕರು ಗಮನಿಸಬೇಕು. ಟ್ಯೂಬ್‌ಲೆಸ್ ಟೈರ್, ಟೈರಿನ ಗಾಳಿಯ ಒತ್ತಡವನ್ನು ಅಳೆದು ಎಚ್ಚರಿಸುವ ಟಿಪಿಎಂಎಸ್ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿ ಕಿಟ್, ಈ ಮೂರೂ ಇರುವ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕೊಡುವುದು ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು. ಆದ್ದರಿಂದ ನಿಮ್ಮ ಡಿಕ್ಕಿಯಲ್ಲಿ ಚಕ್ರದ ಬದಲು ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ಸೀಲೆಂಟ್ ಎಂಬ ಅಂಟುದ್ರವದ ಬಾಟಲಿ ಮಾತ್ರ ಇರಬಹುದು. ಅದನ್ನು ದಾರಿಯಲ್ಲಿ ನಿಂತಾಗ ತಿಳಿದುಕೊಳ್ಳುವಂತಾಗಬಾರದು. ಸೀಲೆಂಟ್ ಬಾಟಲಿಯ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಸ್ಟೆಪ್ನಿ ಇದ್ದರೆ ಸಾಲದು, ಅದರಲ್ಲಿ ಗಾಳಿ ಇರಬೇಕು. ನಾನೊಮ್ಮೆ ಚಾರ್ಮಾಡಿ ಘಾಟಿ ಇಳಿದ ಮೇಲೆ ಸ್ಟೆಪ್ನಿಯನ್ನು ಹೊರತೆಗೆದು ಹೆಬ್ಬೆರಳಿನಿಂದ ಒತ್ತಿದಾಗ ಅದು ಹಿಟ್ಟಿನ ಮುದ್ದೆಯಂತೆ ಒಳಗೆ ಹೋಯಿತು. ಎರಡು ವರ್ಷ ಅದಕ್ಕೆ ಯಾರೂ ಗಾಳಿ ಹೊಡೆಸಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ನೋಡಿಸುವಾಗ ತಿಂಗಳಿಗೊಮ್ಮೆ ಐದನೆಯದನ್ನೂ ನೋಡಿಸಿ. ಎಷ್ಟು ಒತ್ತಡ ಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಬಹುತೇಕ ಸಣ್ಣ ಕಾರುಗಳಿಗೆ ಅದು 30ರಿಂದ 36 ಪಿಎಸ್‌ಐ ನಡುವೆ ಇರುತ್ತದೆ. ಪಿಎಸ್‌ಐ ಎಂಬುದು ಗಾಳಿಯ ಒತ್ತಡದ ಅಳತೆ. ಸ್ಟೆಪ್ನಿಗೆ ಎರಡು ಮೂರು ಅಂಶ ಹೆಚ್ಚು ಹೊಡೆಸಿಟ್ಟರೆ ಒಳ್ಳೆಯದು, ಬೇಕಾದಾಗ ಇಳಿಸಿಕೊಳ್ಳಬಹುದು.

ಕಾರಿನೊಂದಿಗೆ ಬರುವ ಸಾಮಾನುಗಳ ಜೊತೆಗೆ ನಾನು ಇಟ್ಟುಕೊಳ್ಳುವುದು ಇಷ್ಟು: ಒಂದಡಿ ಚೌಕದ ದಪ್ಪ ಮರದ ಹಲಗೆ, ತಲೆಗೆ ಕಟ್ಟಿಕೊಳ್ಳುವ ಟಾರ್ಚ್, ಒಂದು ಜೊತೆ ಕೈಗವಸು, ಮಂಡಿಯೂರಲು ಒಂದು ಗೋಣಿಚೀಲ, 12 ವೋಲ್ಟಿನ ಗಾಳಿ ಪಂಪ್, ಮತ್ತು ಸಾಬೂನು ನೀರು ತುಂಬಿದ ಸಣ್ಣ ಸ್ಪ್ರೇ ಬಾಟಲಿ. ಮೊಬೈಲಿನ ಟಾರ್ಚನ್ನು ನಂಬಬೇಡಿ. ಎರಡೂ ಕೈಗಳು ಬೇಕಾಗುವ ಕೆಲಸದಲ್ಲಿ ಅದು ನೆರವಾಗುವುದಿಲ್ಲ, ಸಹಾಯಕ್ಕೆ ಕರೆ ಮಾಡಬೇಕಾದ ಹೊತ್ತಿಗೆ ಬ್ಯಾಟರಿಯೂ ಮುಗಿದಿರುತ್ತದೆ. ಕಾರಿಗೆ ಕಳ್ಳರಿಂದ ಕಾಪಾಡುವ ಲಾಕ್ ನಟ್ಟುಗಳನ್ನು ಹಾಕಿಸಿದ್ದರೆ ಅದರ ಕೀಲಿ, ಅಂದರೆ ಪಾನಾಕ್ಕೆ ಸಿಕ್ಕಿಸುವ ವಿಶೇಷ ತುದಿ, ಕಾರಿನಲ್ಲೇ ಇರಬೇಕು. ಅದು ಮನೆಯ ಕಪಾಟಿನಲ್ಲಿದ್ದರೆ ದಾರಿಯಲ್ಲಿ ಯಾರಿಂದಲೂ ಆ ಚಕ್ರ ಬಿಚ್ಚಲಾಗುವುದಿಲ್ಲ.

ಹಂತ 1: ಗುರುತಿಸಿ, ಅವಸರವಿಲ್ಲದೆ ನಿಧಾನಿಸಿ

ಸ್ಟಿಯರಿಂಗ್ ಒಂದೇ ಬದಿಗೆ ಎಳೆಯತೊಡಗುವುದು, ಕಾರಿನ ಒಂದು ಮೂಲೆ ಕುಸಿದಂತೆ ಅನಿಸುವುದು, ಲಯಬದ್ಧವಾದ ದಬದಬ ಸದ್ದು: ಇವು ಗಾಳಿ ಹೋದುದರ ಲಕ್ಷಣಗಳು. ಹಿಂದಿನ ಚಕ್ರವಾದರೆ ಸ್ಟಿಯರಿಂಗಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಹಿಂಭಾಗ ಮಾತ್ರ ಅತ್ತಿತ್ತ ತೂಗಾಡಿದಂತೆ ಅನಿಸುತ್ತದೆ. ಸಂಶಯ ಬಂದ ಕೂಡಲೇ ನಿಲ್ಲಿಸಿ ನೋಡುವುದು ಒಳ್ಳೆಯದು. ಗಾಳಿಯಿಲ್ಲದ ಟೈರಿನ ಮೇಲೆ ಎರಡು ಕಿಲೋಮೀಟರ್ ಓಡಿಸಿದರೆ ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ದುರಸ್ತಿ ಹೊಸ ಟೈರಿನ ಖರ್ಚಾಗುತ್ತದೆ, ಏಕೆಂದರೆ ಟೈರಿನ ಪಕ್ಕೆಯು ಅದು ಕೂರುವ ಲೋಹದ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗೊಳಗೇ ಹರಿದುಹೋಗಿರುತ್ತದೆ.

ವೇಗವಾಗಿ ಹೋಗುವಾಗ ಟೈರ್ ಒಮ್ಮೆಲೇ ಸಿಡಿದರೆ ಮನಸ್ಸು ಬ್ರೇಕ್ ತುಳಿ ಎನ್ನುತ್ತದೆ. ತುಳಿಯಬೇಡಿ. ಎರಡೂ ಕೈಗಳಿಂದ ಸ್ಟಿಯರಿಂಗನ್ನು ಗಟ್ಟಿಯಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದು, ಕಾರು ತಾನಾಗಿ ವೇಗ ಕಳೆದುಕೊಳ್ಳಲು ಬಿಡಿ. ವೇಗ ಚೆನ್ನಾಗಿ ಇಳಿದ ಮೇಲೆ ಎಡ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ನಿಧಾನವಾಗಿ ಎಡಕ್ಕೆ ಸರಿಯಿರಿ.

ಹಂತ 2: ಎಲ್ಲಿ ನಿಲ್ಲಿಸಬೇಕು

ಸಮತಟ್ಟಾದ, ಗಟ್ಟಿ ನೆಲವಿರುವ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ, ಓಡಾಟದ ಪಥದಿಂದ ಪೂರ್ತಿ ಹೊರಗಿರುವ ಜಾಗ ಬೇಕು. ಹೆದ್ದಾರಿಯ ಪಕ್ಕದ ಡಾಬಾ, ಪೆಟ್ರೋಲ್ ಬಂಕ್, ಬಸ್ ನಿಲ್ದಾಣದ ಅಂಗಳ ಇನ್ನೂರು ಮೀಟರ್ ದೂರದಲ್ಲಿದ್ದರೆ, ತುರ್ತು ದೀಪಗಳನ್ನು, ಅಂದರೆ ಎಲ್ಲ ಇಂಡಿಕೇಟರುಗಳನ್ನೂ ಒಟ್ಟಿಗೆ ಮಿನುಗಿಸುವ ದೀಪಗಳನ್ನು, ಹಾಕಿಕೊಂಡು ನಡಿಗೆಯ ವೇಗದಲ್ಲಿ ಅಲ್ಲಿಯವರೆಗೆ ಹೋಗಿ. ಅಷ್ಟರಲ್ಲಿ ಟೈರ್ ಹಾಳಾಗಬಹುದು, ರಿಮ್ ಕೂಡ ಸೊಟ್ಟಗಾಗಬಹುದು. ಆಗಲಿ, ಅವೆರಡನ್ನೂ ಅಂಗಡಿಯಲ್ಲಿ ಕೊಳ್ಳಬಹುದು.

ತಿರುವಿನಲ್ಲಿ, ತಿರುವು ಮುಗಿದ ತಕ್ಷಣದ ಜಾಗದಲ್ಲಿ, ದಿಬ್ಬದ ನೆತ್ತಿಯ ಆಚೆ ಬದಿಯಲ್ಲಿ, ಮೇಲ್ಸೇತುವೆಯ ಮೇಲೆ ಎಂದಿಗೂ ಚಕ್ರ ಬದಲಿಸಲು ಕೂರಬೇಡಿ. ಶಿರಾಡಿ, ಆಗುಂಬೆ, ಸಂಪಾಜೆಯಂಥ ಘಾಟಿ ರಸ್ತೆಗಳಲ್ಲಿ ಈ ನಿಯಮ ಪಾಲಿಸುವುದು ಕಷ್ಟ. ಅಲ್ಲಿ ಮುಂದಿನ ಅಗಲವಾದ ತಾಣ ಸಿಗುವವರೆಗೆ ತೆವಳಿಕೊಂಡಾದರೂ ಹೋಗುವುದೇ ಸರಿ. ಮಳೆಗಾಲದಲ್ಲಿ ರಸ್ತೆಯ ಪಕ್ಕದ ಮಣ್ಣು ಕೆಸರಾಗಿರುತ್ತದೆ, ಅದರ ಮೇಲೆ ಜಾಕ್ ನಿಲ್ಲುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಂತಹ ಬೇಲಿಯೊಳಗಿನ ರಸ್ತೆಗಳಲ್ಲಿ ಇನ್ನೊಂದು ತೊಡಕಿದೆ: ಆಚೆಯ ಸರ್ವಿಸ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಕಣ್ಣಿಗೆ ಕಾಣುತ್ತಿದ್ದರೂ ಮುಂದಿನ ನಿರ್ಗಮನದವರೆಗೆ ಅಲ್ಲಿಗೆ ತಲುಪುವ ದಾರಿಯಿರುವುದಿಲ್ಲ. ಬೇಲಿ ದಾಟುವ ಪ್ರಯತ್ನ ಬೇಡ.

ಪಂಕ್ಚರ್ ಆದದ್ದು ಬಲಬದಿಯ ಚಕ್ರವಾಗಿದ್ದು, ಅದರ ಪಕ್ಕದಲ್ಲೇ ಲಾರಿಗಳು ಹಾದುಹೋಗುತ್ತಿದ್ದರೆ, ಅಲ್ಲಿ ಕೂತು ಕೆಲಸ ಮಾಡುವ ಸಾಹಸವನ್ನು ಬಿಟ್ಟುಬಿಡಿ. ಕಾರನ್ನು ಇನ್ನೂ ಎಡಕ್ಕೆ ಸರಿಸಲಾಗದಿದ್ದರೆ ಸಹಾಯಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033. ತುರ್ತು ಸಂದರ್ಭಕ್ಕೆ ಎಲ್ಲ ಕಡೆ 112. ಕರೆ ಮಾಡುವಾಗ ಜಾಗ ಹೇಳಲು ಕಿಲೋಮೀಟರ್ ಕಲ್ಲು ನೋಡಿ: ಮೇಲ್ಭಾಗ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. "ಹಿರಿಯೂರು ದಾಟಿ ಸ್ವಲ್ಪ ಮುಂದೆ" ಎನ್ನುವುದಕ್ಕಿಂತ ಹೆದ್ದಾರಿಯ ಸಂಖ್ಯೆ, ಕಲ್ಲಿನ ಮೇಲಿನ ಅಂಕಿ ಮತ್ತು ನೀವು ಯಾವ ಊರಿನ ಕಡೆಗೆ ಹೋಗುತ್ತಿದ್ದಿರಿ ಎಂಬುದನ್ನು ಹೇಳಿದರೆ ಅವರು ನೇರವಾಗಿ ಬರುತ್ತಾರೆ. ವಿಮೆಯ ಜೊತೆ ರಸ್ತೆಬದಿ ನೆರವಿನ ಸೌಲಭ್ಯ ತೆಗೆದುಕೊಂಡಿದ್ದರೆ ಆ ಸಂಖ್ಯೆಯನ್ನೂ ಮೊಬೈಲಿನಲ್ಲಿ ಮೊದಲೇ ಉಳಿಸಿಟ್ಟಿರಿ. ಘಾಟಿಯಲ್ಲಿ ಇಂಟರ್‌ನೆಟ್ ಸಿಗದಿದ್ದಾಗ ಪಾಲಿಸಿಯನ್ನು ಹುಡುಕುವುದು ಆಗದ ಮಾತು.

ಹಂತ 3: ಬೇರೆಯವರಿಗೆ ನೀವು ಕಾಣಬೇಕು

ತುರ್ತು ದೀಪಗಳು ಉರಿಯುತ್ತಿರಲಿ. ಒಳಗಿರುವವರೆಲ್ಲ ಎಡಬಾಗಿಲಿನಿಂದ ಇಳಿದು, ರಸ್ತೆಯಂಚಿನ ತಡೆಗಂಬಿಯ ಆಚೆಗೆ, ಕಾರಿನಿಂದ ಸ್ವಲ್ಪ ದೂರದಲ್ಲಿ ನಿಲ್ಲಲಿ. ಮಳೆಯೆಂದೋ ಮಗು ಮಲಗಿದೆಯೆಂದೋ ಯಾರೂ ಕಾರಿನಲ್ಲಿ ಉಳಿಯಬಾರದು. ಕಾರಿನ ಹಿಂದೆ, ಡಿಕ್ಕಿಯ ಬಳಿ ಗುಂಪಾಗಿ ನಿಲ್ಲಲೂ ಬಾರದು.

ಬಳಿಕ ತ್ರಿಕೋನ. ಅದನ್ನು ಬಿಡಿಸಿ ಎದೆಯ ಮುಂದೆ ಹಿಡಿದುಕೊಂಡು, ಬರುವ ವಾಹನಗಳಿಗೆ ಎದುರಾಗಿ ರಸ್ತೆಯಂಚಿನಲ್ಲೇ ಹಿಂದಕ್ಕೆ ನಡೆಯಿರಿ. ಸಾಮಾನ್ಯ ರಸ್ತೆಯಲ್ಲಿ 50 ಮೀಟರ್, ಅಂದರೆ ಸುಮಾರು ಎಪ್ಪತ್ತು ಹೆಜ್ಜೆ. ನಾಲ್ಕು ಅಥವಾ ಆರು ಪಥದ ಹೆದ್ದಾರಿಯಲ್ಲಿ ಕನಿಷ್ಠ ಅದರ ಎರಡರಷ್ಟು. ಕಾರಿನ ಹಿಂದೆ ಹತ್ತು ಹೆಜ್ಜೆಗೆ ಇಟ್ಟ ತ್ರಿಕೋನದಿಂದ ಏನೂ ಪ್ರಯೋಜನವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದೇ ಸೆಕೆಂಡಿನಲ್ಲಿ 22 ಮೀಟರ್ ಸಾಗುತ್ತದೆ. ಚಾಲಕ ನೋಡಿ, ಅರಿತು, ಬ್ರೇಕ್ ತುಳಿಯುವ ಮೊದಲೇ ನಿಮ್ಮ ಕಾರಿನ ಬಳಿ ಬಂದಿರುತ್ತಾನೆ. ತಿರುವಿನ ಸಮೀಪ ನಿಂತಿದ್ದರೆ ತ್ರಿಕೋನವನ್ನು ತಿರುವಿಗೂ ಮೊದಲೇ ಇಡಿ.

ಇಲ್ಲಿ ನಮ್ಮ ರಸ್ತೆಗಳ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ತ್ರಿಕೋನವಿಲ್ಲದವರು ಸೊಪ್ಪಿನ ಕೊಂಬೆ ಮುರಿದು ರಸ್ತೆಯಲ್ಲಿ ಇಡುತ್ತಾರೆ. ಹಗಲಿನಲ್ಲಿ ಅದು ಬಹಳ ದೂರದಿಂದ ಕಾಣುವ, ಎಲ್ಲ ಚಾಲಕರಿಗೂ ಅರ್ಥವಾಗುವ ಗುರುತು, ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಟ್ಟುನಿಂತ ಲಾರಿಯ ಸುತ್ತ ಸಾಲಾಗಿ ತಲೆಗಾತ್ರದ ಕಲ್ಲುಗಳನ್ನು ಇಟ್ಟು, ದುರಸ್ತಿ ಮುಗಿದ ಮೇಲೆ ಹಾಗೇ ಬಿಟ್ಟುಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ರಾತ್ರಿ ಆ ಜಾಗಕ್ಕೆ ಬರುವ ಬೈಕ್ ಸವಾರನಿಗೆ ಲಾರಿಯೂ ಕಾಣುವುದಿಲ್ಲ, ಕಲ್ಲೂ ಕಾಣುವುದಿಲ್ಲ. ಎಚ್ಚರಿಕೆಗೆಂದು ಕಲ್ಲು ಬಳಸಲೇಬೇಡಿ. ಚಕ್ರಕ್ಕೆ ಅಡ್ಡ ಕೊಟ್ಟ ಕಲ್ಲನ್ನೂ ಹೊರಡುವ ಮುನ್ನ ಕೈಯಲ್ಲೆತ್ತಿ ರಸ್ತೆಯಿಂದಾಚೆ ಹಾಕಿ.

ಹಂತ 4: ಚಕ್ರ ಬಿಚ್ಚಬೇಕೇ, ಗಾಳಿ ತುಂಬಿದರೆ ಸಾಕೇ

ಈಗಿನ ಬಹುತೇಕ ಕಾರುಗಳಲ್ಲಿರುವುದು ಟ್ಯೂಬ್‌ಲೆಸ್ ಟೈರ್. ಇದರೊಳಗೆ ಪ್ರತ್ಯೇಕ ಟ್ಯೂಬ್ ಇಲ್ಲ, ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಕೂತು ಗಾಳಿಯನ್ನು ಹಿಡಿದಿಡುತ್ತದೆ. ಮೊಳೆ ಚುಚ್ಚಿದರೂ ರಬ್ಬರು ಅದನ್ನು ಅಪ್ಪಿ ಹಿಡಿಯುವುದರಿಂದ ಗಾಳಿ ನಿಧಾನವಾಗಿ ಸೋರುತ್ತದೆ. ಮೊಳೆ ಅಥವಾ ಸ್ಕ್ರೂ ಕಂಡ ತಕ್ಷಣ ಕಟಿಂಗ್ ಪ್ಲೇಯರಿನಿಂದ ಕೀಳುವುದು ಬಹಳ ಜನ ಮಾಡುವ ತಪ್ಪು. ಅದು ಬಿರಡೆಯಂತೆ ಕೂತಿದೆ, ಅಲ್ಲೇ ಇರಲಿ. ಗಾಳಿ ಪಂಪಿನಿಂದ ಸರಿಯಾದ ಒತ್ತಡಕ್ಕೆ ತುಂಬಿ, ಐದು ನಿಮಿಷ ಕಾದು ಮತ್ತೆ ಅಳೆಯಿರಿ. ಇಳಿಕೆ ಒಂದೋ ಎರಡೋ ಅಂಶದಷ್ಟಿದ್ದರೆ 40–50ರ ವೇಗದಲ್ಲಿ ಹತ್ತಿರದ ಅಂಗಡಿಗೆ ಹೋಗಬಹುದು, ನಡುವೆ ನಿಲ್ಲಿಸಿ ಮತ್ತೆ ಅಳೆಯುತ್ತಿರಬೇಕು. ನೀವು ತುಂಬುತ್ತಿದ್ದಂತೆಯೇ ಇಳಿಯುತ್ತಿದ್ದರೆ, ಟೈರಿನ ಪಕ್ಕೆ ಸೀಳಿದ್ದರೆ, ಅಥವಾ ಟೈರ್ ರಿಮ್ಮಿನಿಂದ ಕಳಚಿದ್ದರೆ ಸ್ಟೆಪ್ನಿಯೇ ಗತಿ.

ಮೊಳೆಯೇನೂ ಕಾಣದಿದ್ದರೆ ವಾಲ್ವ್, ಅಂದರೆ ಗಾಳಿ ತುಂಬುವ ನಳಿಕೆಯ ತುದಿಗೆ ಒಂದು ಹನಿ ಸಾಬೂನು ನೀರು ಹಾಕಿ ನೋಡಿ. ಗುಳ್ಳೆ ಬಂದರೆ ಸೋರಿಕೆ ಅಲ್ಲೇ ಇದೆ.

ಸೀಲೆಂಟ್ ಬಾಟಲಿಯನ್ನು ಕಡೆಯ ಉಪಾಯವೆಂದು ತಿಳಿಯಿರಿ. ವಾಲ್ವಿನ ಮೂಲಕ ಒಳಹೋದ ಆ ದ್ರವ ಸಣ್ಣ ತೂತನ್ನು ಮುಚ್ಚುತ್ತದೆ ನಿಜ, ಆದರೆ ಪಕ್ಕೆಯ ಸೀಳಿಗೆ ಅದು ಕೆಲಸ ಮಾಡುವುದಿಲ್ಲ, ಒಳಗಿನ ಟಿಪಿಎಂಎಸ್ ಸೆನ್ಸರಿಗೆ ಅಂಟಿಕೊಳ್ಳಬಹುದು, ಮತ್ತು ಟೈರ್ ಬಿಚ್ಚುವ ಕೆಲಸಗಾರನಿಗೆ ತೊಳೆಯುವ ಹೆಚ್ಚುವರಿ ಕೆಲಸವಾಗುತ್ತದೆ. ಬಳಸಿದ್ದರೆ ಅಂಗಡಿಯಲ್ಲಿ ಮೊದಲೇ ತಿಳಿಸಿ.

ಹಂತ 5: ಕಾರು ಅಲುಗದಂತೆ ಮಾಡಿ

ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೊದಲ ಗೇರಿನಲ್ಲಿ ಅಥವಾ ರಿವರ್ಸಿನಲ್ಲಿ ಬಿಡಿ. ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್ ಸ್ಥಾನದಲ್ಲಿಡಿ. ಗೇರಿನಲ್ಲಿಟ್ಟರೆ ಸಾಕು, ಚಕ್ರಕ್ಕೆ ಅಡ್ಡ ಕಲ್ಲು ಏಕೆ ಎಂದು ಕೇಳುವವರಿದ್ದಾರೆ. ಕಾರಣ ಇದು: ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರವನ್ನು ಎತ್ತಿದ ಕೂಡಲೇ ಅದು ಗಾಳಿಯಲ್ಲಿ ತಿರುಗಬಲ್ಲದು. ಎರಡು ಮುಂಚಕ್ರಗಳ ನಡುವಿನ ಡಿಫರೆನ್ಷಿಯಲ್ ಎಂಬ ಗೇರುಗಳ ಕೂಟ ಅದಕ್ಕೆ ಅವಕಾಶ ಕೊಡುವುದರಿಂದ ಗೇರಿನ ಹಿಡಿತ ಇಲ್ಲವಾಗುತ್ತದೆ. ಆಗ ಕಾರನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್ ಒಂದೇ. ಅದರ ಕೇಬಲ್ ಸಡಿಲವಾಗಿದ್ದರೆ ಕಾರು ಜಾಕಿನಿಂದ ಜಾರುತ್ತದೆ. ಆದ್ದರಿಂದ ಎತ್ತುವ ಚಕ್ರಕ್ಕೆ ಕರ್ಣದ ತುದಿಯಲ್ಲಿರುವ ಚಕ್ರಕ್ಕೆ, ಅಂದರೆ ಮುಂದಿನ ಎಡಚಕ್ರ ಎತ್ತುವಾಗ ಹಿಂದಿನ ಬಲಚಕ್ರಕ್ಕೆ, ಮುಂದೆ ಮತ್ತು ಹಿಂದೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡನ್ನು ಒತ್ತಿ ಕೂರಿಸಿ.

ಇಳಿಜಾರಿನಲ್ಲಿ ಕಾರನ್ನು ಜಾಕ್ ಹಾಕಿ ಎತ್ತಬೇಡಿ. ಇದಕ್ಕೆ ವಿನಾಯಿತಿ ಇಲ್ಲ.

ಹಂತ 6: ಮೊದಲು ನಟ್ಟು ಸಡಿಲಿಸಿ, ಆಮೇಲೆ ಎತ್ತಿ

ಕಾರು ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಮಾತ್ರ ಸಡಿಲಿಸಬೇಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರವೇ ತಿರುಗುತ್ತದೆ, ನೀವು ಹಾಕುವ ಬಲಕ್ಕೆ ಕಾರು ಜಾಕಿನಿಂದ ಉರುಳಲೂಬಹುದು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವ ದಿಕ್ಕು ಬಿಗಿಸುವುದಕ್ಕೆ, ಅದರ ವಿರುದ್ಧ ದಿಕ್ಕು ಬಿಚ್ಚುವುದಕ್ಕೆ. ನಟ್ಟು ಬಿಗಿಯಾಗಿದ್ದರೆ ಪಾನಾದ ಹಿಡಿ ನಿಮ್ಮ ಎಡಗಡೆಗೆ ನೆಲಕ್ಕೆ ಸಮಾಂತರವಾಗಿ ಬರುವಂತೆ ಸಿಕ್ಕಿಸಿ, ತುದಿಯನ್ನು ಪಾದದಿಂದ ಕೆಳಕ್ಕೆ ಒತ್ತಿ. ಪಾನಾ ನಟ್ಟಿನ ಮೇಲೆ ಪೂರ್ತಿ ಒಳಗೆ ಕೂತಿರಬೇಕು. ಅರ್ಧ ಕೂತ ಪಾನಾ ಜಾರಿದರೆ ನಟ್ಟಿನ ಮೂಲೆಗಳು ಸವೆದು ಮುಂದೆ ಯಾರಿಗೂ ಬಿಚ್ಚಲಾಗದಂತಾಗುತ್ತದೆ. ಅದರ ಮೇಲೆ ಹತ್ತಿ ಕುಣಿಯಬೇಡಿ.

ಈಗ ಜಾಕ್. ಬಾಗಿಲುಗಳ ಕೆಳಗಿನ ಅಂಚನ್ನು ಬೆರಳಿನಿಂದ ಸವರುತ್ತ ಹೋದರೆ, ಮುಂಚಕ್ರದ ಸ್ವಲ್ಪ ಹಿಂದೆ ಮತ್ತು ಹಿಂಚಕ್ರದ ಸ್ವಲ್ಪ ಮುಂದೆ ತಗಡಿನಲ್ಲಿ ಒಂದೊಂದು ಕಡೆಯೂ ಎರಡೆರಡು ಸಣ್ಣ ಕಚ್ಚುಗಳು ಸಿಗುತ್ತವೆ. ಎತ್ತುವ ಚಕ್ರದ ಬಳಿಯ ಎರಡು ಕಚ್ಚುಗಳ ನಡುವಿನ ಭಾಗವೇ ಜಾಕ್ ಕೊಡಬೇಕಾದ ಜಾಗ, ಅಲ್ಲಿನ ತಗಡು ದಪ್ಪವಾಗಿರುತ್ತದೆ. ಬೇರೆಡೆ ಕೊಟ್ಟರೆ ಅಂಚು ಮಡಿಚಿಕೊಳ್ಳುತ್ತದೆ, ಕಾರು ಜಾರುತ್ತದೆ. ನೆಲ ಮೆದುವಾಗಿದ್ದರೆ ಜಾಕಿನ ಅಡಿಗೆ ಮರದ ಹಲಗೆ ಹಾಕಿ. ಚಪ್ಪಡಿ ಕಲ್ಲು, ಇಟ್ಟಿಗೆ, ಹೆಂಚು ಬೇಡ. ಭಾರ ಬಿದ್ದಾಗ ಅವು ಸೀಳುತ್ತವೆ. ಜಾಕ್ ನೆಟ್ಟಗಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಟೈರ್ ನೆಲದಿಂದ ಮೂರು ನಾಲ್ಕು ಬೆರಳು ಮೇಲೇಳುವವರೆಗೆ ತಿರುಗಿಸಿ. ಗಾಳಿ ತುಂಬಿದ ಸ್ಟೆಪ್ನಿ ಚಪ್ಪಟೆ ಟೈರಿಗಿಂತ ಎತ್ತರ, ಆ ಜಾಗ ಬೇಕಾಗುತ್ತದೆ. ಕಾರಿನಡಿಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಚಕ್ರ ಬಿಚ್ಚುವ ಮುನ್ನ ಸ್ಟೆಪ್ನಿಯನ್ನು ಜಾಕಿನ ಪಕ್ಕ ಕಾರಿನಡಿಗೆ ಅಡ್ಡಡ್ಡ ಮಲಗಿಸಿಡಿ; ಜಾಕ್ ಕೈಕೊಟ್ಟರೆ ಕಾರು ಅದರ ಮೇಲೆ ಕೂರುತ್ತದೆ.

ಕೆಲವು ದೊಡ್ಡ ವಾಹನಗಳಲ್ಲಿ ಸ್ಟೆಪ್ನಿ ಹಿಂಭಾಗದ ಅಡಿಯಲ್ಲಿ ತೂಗಾಡುತ್ತಿರುತ್ತದೆ, ಡಿಕ್ಕಿಯೊಳಗಿನ ಒಂದು ಸಣ್ಣ ರಂಧ್ರಕ್ಕೆ ಹಿಡಿ ಹಾಕಿ ತಿರುಗಿಸಿದರೆ ಹಗ್ಗದ ಮೇಲೆ ಕೆಳಗಿಳಿಯುತ್ತದೆ. ಇಂಥ ವಾಹನದಲ್ಲಿ ಜಾಕ್ ಹಾಕುವ ಮೊದಲೇ ಅದನ್ನು ಇಳಿಸಿಕೊಳ್ಳಬೇಕು.

ಹಂತ 7: ಚಕ್ರ ಬದಲಿಸಿ, ಕ್ರಮವಾಗಿ ಬಿಗಿಸಿ

ನಟ್ಟುಗಳನ್ನು ಪೂರ್ತಿ ತೆಗೆದು ಒಂದೇ ಕಡೆ, ಟೋಪಿಯಲ್ಲೋ ಬಟ್ಟೆಯ ಮೇಲೋ ಇಡಿ. ಮರಳು ಮಣ್ಣಿನಲ್ಲಿ ಬಿದ್ದ ನಟ್ಟಿನ ಒಳಸುರುಳಿಗೆ ಕಸ ಸೇರುತ್ತದೆ. ಚಕ್ರ ಹೊರಬರದಿದ್ದರೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ, ಕರಾವಳಿಯಲ್ಲಿ ಓಡುವ ಕಾರುಗಳಲ್ಲಿ ಇದು ಸಾಮಾನ್ಯ. ಜಾಕಿನ ಮೇಲಿರುವ ಕಾರನ್ನು ಜೋರಾಗಿ ಒದೆಯಬೇಡಿ. ನಟ್ಟುಗಳನ್ನು ಮತ್ತೆ ಎರಡೆರಡು ಸುತ್ತು ಹಾಕಿ, ಅಡಿಯ ಸ್ಟೆಪ್ನಿಯನ್ನು ಹೊರಗೆಳೆದು, ಕಾರನ್ನು ನಿಧಾನವಾಗಿ ನೆಲಕ್ಕೆ ಇಳಿಸಿದರೆ ಸಾಮಾನ್ಯವಾಗಿ ಅದರ ಭಾರಕ್ಕೇ ಚಕ್ರ ಸಡಿಲವಾಗುತ್ತದೆ.

ಹಳೆಯ ಚಕ್ರವನ್ನು ತೆಗೆದ ಮೇಲೆ ಅದನ್ನು ಸ್ಟೆಪ್ನಿ ಇದ್ದ ಜಾಗಕ್ಕೆ, ಕಾರಿನಡಿಗೆ ಸರಿಸಿ. ಸ್ಟೆಪ್ನಿಯನ್ನು ಎರಡೂ ಕೈಗಳಿಂದ ಎತ್ತುವುದಕ್ಕಿಂತ ಪಾದದ ಬೆರಳುಗಳ ಮೇಲೆ ಕೂರಿಸಿ ಪಾದದಿಂದ ಮೇಲೆತ್ತಿದರೆ ಬೋಲ್ಟುಗಳಿಗೆ ಸುಲಭವಾಗಿ ಸೇರುತ್ತದೆ. ನಟ್ಟಿನ ಚೂಪಾಗಿ ಇಳಿಜಾರಾದ ಬದಿ ಚಕ್ರದ ಕಡೆಗಿರಬೇಕು. ಎಲ್ಲವನ್ನೂ ಮೊದಲು ಬೆರಳಿನಿಂದಲೇ ಸಾಧ್ಯವಾದಷ್ಟು ತಿರುಗಿಸಿ. ಬೆರಳಿಗೆ ತಿರುಗದ ನಟ್ಟನ್ನು ಪಾನಾದಿಂದ ಒತ್ತಾಯಿಸಿದರೆ ಸುರುಳಿ ಅಡ್ಡ ಕೂತು ಬೋಲ್ಟ್ ಹಾಳಾಗುತ್ತದೆ. ಎಣ್ಣೆ, ಗ್ರೀಸ್ ಹಚ್ಚಬೇಡಿ.

ಅಡಿಯ ಹಳೆಯ ಚಕ್ರವನ್ನು ಹೊರಗೆಳೆದು, ಕಾರನ್ನು ಟೈರ್ ನೆಲಕ್ಕೆ ತಾಗುವಷ್ಟು ಇಳಿಸಿ, ಆಮೇಲೆ ಬಿಗಿಸಿ. ಒಂದರ ಪಕ್ಕದ ಇನ್ನೊಂದನ್ನು ಬಿಗಿಸುತ್ತ ಸುತ್ತು ಬಂದರೆ ಚಕ್ರ ಓರೆಯಾಗಿ ಕೂರುತ್ತದೆ. ನಾಲ್ಕು ನಟ್ಟಿದ್ದರೆ ಒಂದರ ನಂತರ ಅದರ ಎದುರಿನದು. ಐದಿದ್ದರೆ ಪೆನ್ನು ಎತ್ತದೆ ಗೀಚುವ ಐದು ಮೂಲೆಯ ನಕ್ಷತ್ರದಂತೆ ಒಂದು ಬಿಟ್ಟು ಒಂದು. ಎರಡು ಸುತ್ತಿನಲ್ಲಿ, ಎರಡನೆಯ ಸುತ್ತಿಗೆ ತೋಳಿನ ಪೂರ್ತಿ ಬಲ ಹಾಕಿ, ಬಿಗಿಸಿ.

ಹಂತ 8: ಹೊರಡುವ ಮುನ್ನ

ಅಡ್ಡಗಲ್ಲು ತೆಗೆದಾಯಿತೇ, ತ್ರಿಕೋನ ಮರಳಿ ತಂದಾಯಿತೇ ನೋಡಿ. ಸ್ಟೆಪ್ನಿ ಬೇರೆ ಚಕ್ರಗಳಿಗಿಂತ ಸಣ್ಣದಾಗಿದ್ದರೆ ಅದರ ಮೇಲೆ ಗರಿಷ್ಠ ವೇಗದ ಚೀಟಿ ಅಂಟಿಸಿರುತ್ತಾರೆ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್. ಅದು ಸಲಹೆಯಲ್ಲ, ಮಿತಿ. ಮಳೆಯಲ್ಲಿ, ತಿರುವುಗಳಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ಇರಲಿ, ಮತ್ತು ಪ್ರಯಾಣವಿಡೀ ಅದರ ಮೇಲೆಯೇ ಹೋಗುವ ಯೋಚನೆ ಬೇಡ. ಐವತ್ತು ಅರವತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಬಿಗಿಸಿ ನೋಡಿ.

ಹಂತ 9: ಪಂಕ್ಚರ್ ಅಂಗಡಿಯಲ್ಲಿ

ನೇತುಹಾಕಿದ ಹಳೆಯ ಟೈರಿನ ಮೇಲೆ ಬಿಳಿ ಬಣ್ಣದಲ್ಲಿ "ಪಂಚರ್" ಎಂದು ಬರೆದ ಅಂಗಡಿ ರಾಜ್ಯದ ಯಾವ ರಸ್ತೆಯಲ್ಲೂ ಸಿಗುತ್ತದೆ. ಇಂಥ ಅಂಗಡಿಗಳಲ್ಲಿ ಹೆಚ್ಚಿನವರು ಮಳೆ ಬಿಸಿಲೆನ್ನದೆ ಪ್ರಾಮಾಣಿಕವಾಗಿ ದುಡಿಯುವವರು. ಆದರೆ ಒಂದು ತೂತಿಗೆ ಆರು ತೂತಿನ ಹಣ ಕಿತ್ತುಕೊಳ್ಳುವವರೂ ಇದ್ದಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪಂಕ್ಚರ್ ಆಗಲೆಂದೇ ಚೆಲ್ಲಿದ್ದರೆನ್ನಲಾದ ಮೊಳೆಗಳನ್ನು ನಾಗರಿಕರೊಬ್ಬರು ಅಯಸ್ಕಾಂತದಿಂದ ಕಿಲೋಗಟ್ಟಲೆ ಹೆಕ್ಕಿದ ಸುದ್ದಿಯನ್ನು ಅನೇಕರು ಓದಿರಬಹುದು. ಮೂರು ಎಚ್ಚರಿಕೆಗಳು ಸಾಕು. ಒಂದು ಪಂಕ್ಚರಿಗೆ ಎಷ್ಟು ಎಂದು ಟೈರ್ ಮುಟ್ಟುವ ಮೊದಲೇ ಕೇಳಿ. ಟೀ ಕುಡಿಯಲು ಹೋಗದೆ ಪಕ್ಕದಲ್ಲೇ ನಿಂತು ನೋಡಿ. ಪ್ರತಿ ತೂತಿನಲ್ಲೂ ಸಾಬೂನು ನೀರಿನ ಗುಳ್ಳೆಯನ್ನು ತೋರಿಸಿದ ಮೇಲೆಯೇ ಅದನ್ನು ಮುಚ್ಚುವ ಸ್ಟ್ರಿಪ್ ಹಾಕಲು ಹೇಳಿ. ಟೈರ್ ಸವರುವ ಕೈಯಲ್ಲಿ ಚೂಪಾದ ದಬ್ಬಣವನ್ನು ಅಡಗಿಸಿಟ್ಟುಕೊಂಡು ಹೊಸ ತೂತು ಮಾಡುವ ಮೋಸ ನಡೆಯುವುದರಿಂದ ಈ ಮಾತು ಹೇಳುತ್ತಿದ್ದೇನೆ.

ದುರಸ್ತಿಯಲ್ಲಿ ಎರಡು ಬಗೆ. ಸ್ಟ್ರಿಪ್ ಎಂದರೆ ಅಂಟು ಸವರಿದ ರಬ್ಬರಿನ ಬತ್ತಿ, ಚಕ್ರ ಬಿಚ್ಚದೆಯೇ ಹೊರಗಿನಿಂದ ತುರುಕುತ್ತಾರೆ. ಮಶ್ರೂಮ್ ಪ್ಯಾಚ್ ಎಂದರೆ ಅಣಬೆಯಾಕಾರದ ತೇಪೆ: ಟೈರನ್ನು ರಿಮ್ಮಿನಿಂದ ಕಳಚಿ, ಕಾಂಡವನ್ನು ತೂತಿನಲ್ಲಿ ಎಳೆದು, ಕೊಡೆಯನ್ನು ಒಳಮೈಗೆ ಅಂಟಿಸುತ್ತಾರೆ. ಎರಡನೆಯದಕ್ಕೆ ಹಣವೂ ಸಮಯವೂ ಹೆಚ್ಚು. ಆದರೂ ಹೆದ್ದಾರಿಯಲ್ಲಿ ಹೆಚ್ಚು ಓಡುವವರಿಗೆ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಟೈರ್ ಕಳಚಿದಾಗ ಮಾತ್ರ ಒಳಗಿನ ಪಕ್ಕೆಗೆ ಏಟಾಗಿದೆಯೇ ಎಂದು ಕಾಣುತ್ತದೆ. ಒಳಗೆ ರಬ್ಬರಿನ ಕರಿಪುಡಿ ಉದುರಿದ್ದರೆ, ಪಕ್ಕೆಯಲ್ಲಿ ಸುತ್ತಲೂ ಉಜ್ಜಿದ ಪಟ್ಟಿ ಕಂಡರೆ, ಗಾಳಿಯಿಲ್ಲದೆ ಓಡಿ ಟೈರ್ ಸತ್ತಿದೆ ಎಂದೇ ಅರ್ಥ. ತೂತು ಮುಚ್ಚಿದರೂ ಅದನ್ನು ಬಳಸಬಾರದು.

ರಸ್ತೆಗೆ ತಾಗುವ ನಡುಭಾಗದಲ್ಲಿ, 6 ಮಿಲಿಮೀಟರಿಗಿಂತ ಸಣ್ಣ ತೂತಾದರೆ ಮಾತ್ರ ದುರಸ್ತಿಗೆ ಯೋಗ್ಯ. ಭುಜ, ಅಂದರೆ ನಡುಭಾಗ ಪಕ್ಕೆಗೆ ತಿರುಗುವ ಅಂಚು, ಮತ್ತು ಪಕ್ಕೆಯ ತೂತಿಗೆ ಯಾವ ಸ್ಟ್ರಿಪ್ಪೂ ಸಲ್ಲದು. ಆ ಭಾಗ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುವುದರಿಂದ ತೇಪೆ ಕಿತ್ತುಬರುತ್ತದೆ. "ಒಳಗೆ ಟ್ಯೂಬ್ ಹಾಕಿಕೊಡ್ತೀನಿ ಸಾರ್, ಏನೂ ಆಗಲ್ಲ" ಎಂದರೆ ಒಪ್ಪಬೇಡಿ. ಟ್ಯೂಬ್ ಗಾಳಿಯನ್ನು ಹಿಡಿದಿಡುತ್ತದೆಯೇ ಹೊರತು ಸೀಳಿದ ಪಕ್ಕೆಗೆ ಬಲ ಕೊಡುವುದಿಲ್ಲ, ಮತ್ತು ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಉಜ್ಜಿ ಬಿಸಿಯಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯ ಡಾಂಬರಿನ ಮೇಲೆ ಆ ಬಿಸಿ ಸಿಡಿತಕ್ಕೆ ದಾರಿ ಮಾಡುತ್ತದೆ.

ಟೈರ್ ಬಿಚ್ಚಿಸಿದ ಹೊತ್ತಿನಲ್ಲೇ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ, ಅಂದರೆ ಗೆರೆಗಳ ತಳದ ಸಣ್ಣ ಉಬ್ಬುಗಳ ಮಟ್ಟಕ್ಕೆ ಸವೆದಿದ್ದರೆ, ದುರಸ್ತಿಗೆ ಹಣ ಹಾಕದೆ ಹೊಸದಕ್ಕೇ ಹಾಕಿ.

ಹಂತ 10: ಸ್ಟ್ರಿಪ್ ನೀವೇ ಹಾಕುವುದಾದರೆ

ಅಂಗಡಿಯೇ ಇಲ್ಲದ ದಾರಿಗಳಲ್ಲಿ ಈ ಕೆಲಸ ಬರುವುದು ಉಪಕಾರಿ. ಕಿಟ್ಟಿನಲ್ಲಿ ಟಿ ಆಕಾರದ ಹಿಡಿಯ ಎರಡು ಉಪಕರಣಗಳಿರುತ್ತವೆ: ಅರದಂತೆ ಒರಟಾದದ್ದು ತೂತನ್ನು ಸವರಲು, ಕಣ್ಣಿರುವ ಸೂಜಿ ಸ್ಟ್ರಿಪ್ ತುರುಕಲು. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಎಂದು ನೋಡಿಕೊಂಡು ಕಿತ್ತು, ಅದೇ ಓರೆಯಲ್ಲಿ ಅರವನ್ನು ತಿರುಗಿಸುತ್ತ ಒಳಗಿಳಿಸಿ ಐದಾರು ಬಾರಿ ಮೇಲೆ ಕೆಳಗೆ ಆಡಿಸಿ. ಈಗಿನ ಕಾರುಗಳ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿಯ ಪದರಗಳಿರುವುದರಿಂದ ಕೈಗೆ ಕರಕರ ತಾಗುತ್ತದೆ, ಗಟ್ಟಿಯಾಗಿ ಒತ್ತಬೇಕಾಗುತ್ತದೆ. ಈ ಸವರುವಿಕೆಯನ್ನು ಅರೆಮನಸ್ಸಿನಿಂದ ಮಾಡಿದರೆ ತಂತಿಯ ಚೂಪು ತುದಿಗಳು ಉಳಿದು ಮುಂದೆ ಸ್ಟ್ರಿಪ್ಪನ್ನೇ ಕೊಯ್ಯುತ್ತವೆ.

ಸ್ಟ್ರಿಪ್ಪನ್ನು ಸೂಜಿಯ ಕಣ್ಣಿನಲ್ಲಿ ಸರಿ ಅರ್ಧಕ್ಕೆ ಪೋಣಿಸಿ, ಕಿಟ್ಟಿನ ಅಂಟನ್ನು ಹಚ್ಚಿ, ಎರಡೂ ತುದಿಗಳು ಒಂದು ಸೆಂಟಿಮೀಟರಿನಷ್ಟು ಹೊರಗುಳಿಯುವವರೆಗೆ ತಳ್ಳಿ. ಸೂಜಿಯನ್ನು ತಿರುಗಿಸದೆ ಒಂದೇ ಎಳೆತಕ್ಕೆ ನೇರವಾಗಿ ಹೊರಗೆಳೆಯಿರಿ. ಹಿಂಜರಿದು ಎಳೆದರೆ ಸ್ಟ್ರಿಪ್ಪೂ ಜೊತೆಗೇ ಬರುತ್ತದೆ. ಗಾಳಿ ತುಂಬಿ, ಸಾಬೂನು ನೀರು ಸಿಂಪಡಿಸಿ, ಒಂದು ನಿಮಿಷ ನೋಡುತ್ತಿರಿ. ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು ನಿಧಾನವಾಗಿ ಉಬ್ಬುತ್ತಿದ್ದರೂ ಅದು ಸೋರಿಕೆಯೇ. ಅದರ ಪಕ್ಕದಲ್ಲಿ ಇನ್ನೊಂದು ಸ್ಟ್ರಿಪ್ ಹಾಕಿ. ಗುಳ್ಳೆ ಬಾರದಿದ್ದರೆ ಹೊರಗಿನ ತುದಿಗಳನ್ನು ಎರಡು ಮೂರು ಮಿಲಿಮೀಟರ್ ಬಿಟ್ಟು ಬ್ಲೇಡಿನಿಂದ ಕತ್ತರಿಸಿ. ಮರುದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಒತ್ತಡವನ್ನು ಅಳೆದು ಹಿಂದಿನ ದಿನದ ಅಂಕಿಯೊಂದಿಗೆ ಹೋಲಿಸಿ, ಹಾಗೆಯೇ ಸ್ಟೆಪ್ನಿಗೂ ಗಾಳಿ ಹೊಡೆಸಿ ಡಿಕ್ಕಿಯಲ್ಲಿ ಬಿಗಿದಿಡಿ.